ಎರಡು ಸೀಟಿದೆ, ಕೂರಲು ಜಾಗವಿಲ್ಲ

2022ರ ನವೆಂಬರ್‌ನಲ್ಲಿ ಯುಜಿಸಿ ಹೊಸ ಪಿಎಚ್.ಡಿ. ನಿಯಮಾವಳಿ ಹೊರಡಿಸಿತು. ಆಗ ನಡೆದ ಚರ್ಚೆಯೆಲ್ಲ ಎಂ.ಫಿಲ್. ನಿಂತುಹೋದದ್ದು ಮತ್ತು ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯ ಹೋದದ್ದು, ಇವೆರಡರ ಸುತ್ತಲೇ ತಿರುಗಿತು. ಅದೇ ನಿಯಮಾವಳಿಯಲ್ಲಿ ಹೆಚ್ಚು ಜನ ಓದದ ಒಂದು ಸಾಲಿದೆ. ಒಬ್ಬ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾರ್ಗದರ್ಶನ ಮಾಡಬಹುದು. ಈ ಲೆಕ್ಕದ ಮೇಲೆ ಪ್ರತಿಯೊಬ್ಬರೂ ಇನ್ನೂ ಇಬ್ಬರು ವಿದೇಶಿ ಸಂಶೋಧಕರನ್ನು ತೆಗೆದುಕೊಳ್ಳಬಹುದು. ಅಂದರೆ ಹೊರದೇಶದಿಂದ ಬಂದವರು ಇಲ್ಲಿಯವರ ಸೀಟು ಕಸಿಯುವ ಪ್ರಶ್ನೆಯೇ ಇಲ್ಲ. ಅವರಿಗೆಂದೇ ಬೇರೆ ಎರಡು ಸೀಟು ಇದೆ.

ಸೀಟು ಇದೆ, ಸರಿ. ಕೂರಲು ಜಾಗ ಎಲ್ಲಿದೆ? ಈ ಲೇಖನದ ಪ್ರಶ್ನೆ ಅಷ್ಟೇ.

ಅದೇ ನಿಯಮಾವಳಿಯ ಇನ್ನೊಂದು ಸಾಲನ್ನು ಇದರ ಪಕ್ಕಕ್ಕಿಟ್ಟು ಓದಿ. ಸಂಶೋಧನಾ ಮಾರ್ಗದರ್ಶಕರಾಗುವವರು ಕಾಯಂ ಅಧ್ಯಾಪಕರಾಗಿರಬೇಕು. ಅತಿಥಿ ಉಪನ್ಯಾಸಕರು ಎಷ್ಟೇ ಓದಿಕೊಂಡಿರಲಿ, ಎಷ್ಟೇ ವರ್ಷ ಪಾಠ ಹೇಳಿರಲಿ, ಗೈಡ್ ಆಗುವಂತಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಎಷ್ಟೋ ವಿಭಾಗಗಳು ಇಂದು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ಕಾಯಂ ಅಧ್ಯಾಪಕರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ, ಬೀಳ್ಕೊಡುಗೆಯಲ್ಲಿ ಶಾಲು ಹೊದಿಸುತ್ತೇವೆ, ಆ ಹುದ್ದೆಯ ಕುರ್ಚಿ ಮಾತ್ರ ಖಾಲಿ ಉಳಿಯುತ್ತದೆ. ಒಬ್ಬ ಗೈಡಿಗೆ ಇಬ್ಬರು ವಿದೇಶಿಯರು ಎನ್ನುವುದಾದರೆ, ಗೈಡೇ ಇಲ್ಲದ ವಿಭಾಗಕ್ಕೆ ಎಷ್ಟು ಮಂದಿ? ಎರಡನ್ನು ಸೊನ್ನೆಯಿಂದ ಗುಣಿಸುವುದನ್ನು ನಮಗೆ ಮೂರನೆಯ ಇಯತ್ತೆಯಲ್ಲೇ ಕಲಿಸಿದ್ದಾರೆ.

ನಾನು ಹುನಗುಂದ ತಾಲ್ಲೂಕಿನವನು. ಮಲಪ್ರಭೆಯ ದಂಡೆಯ ಊರುಗಳ ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಗಾಗಿ ಈ ಮಾತನ್ನು ದೆಹಲಿಯ ಅಥವಾ ಬೆಂಗಳೂರಿನ ಕಿಟಕಿಯಿಂದ ನೋಡದೆ, ಬಾಗಲಕೋಟೆ ಜಿಲ್ಲೆಯಿಂದಲೇ ನೋಡುತ್ತೇನೆ. ಹೊರದೇಶದ ಸಂಶೋಧಕರು ಬಂದು ಕೆಲಸ ಮಾಡಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಎಂದು ಯಾರಾದರೂ ತೋರಿಸಲಿ. ಮಂಗಳೇಶನ, ಶಕ 500 ಅಂದರೆ ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆ ಇಲ್ಲಿದೆ. ರವಿಕೀರ್ತಿಯ 634ರ ಪ್ರಶಸ್ತಿಯನ್ನು ಗೋಡೆಯಲ್ಲಿಟ್ಟುಕೊಂಡ ಐಹೊಳೆಯ ಮೇಗುತಿ ಇಲ್ಲಿದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲು ಇಲ್ಲಿದೆ. ಸಮಾಜಶಾಸ್ತ್ರದವರಿಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಹಳೇ ಬಾಗಲಕೋಟೆ ಮತ್ತು ಅದರ ಬದಲಿಗೆ ಎದ್ದ ನವನಗರ ಇದೆ. ಭೂವಿಜ್ಞಾನದವರಿಗೆ ಕಲಾದಗಿಯ ಹೆಸರನ್ನೇ ಹೊತ್ತ ಶಿಲಾಸರಣಿ ಇದೆ. ಜವಳಿಯ ಮೇಲೆ ಕೆಲಸ ಮಾಡುವವರಿಗೆ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ. ತೋಟಗಾರಿಕೆಯವರಿಗೆ ದುಂಡಾಣು ರೋಗ ಬಡಿದು ರೈತರನ್ನು ಸಾಲಕ್ಕೆ ದೂಡಿದ ದಾಳಿಂಬೆ. ಅದನ್ನು ಓದಲು ಉದ್ಯಾನಗಿರಿಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಕಂದಹಾರದ ದಾಳಿಂಬೆ ಬೆಳೆಗಾರನ ಮಗಳಿಗೂ ಬಾಗಲಕೋಟೆಯ ದಾಳಿಂಬೆ ಬೆಳೆಗಾರನ ಮಗಳಿಗೂ ಒಂದೇ ಪ್ರಯೋಗಾಲಯದಲ್ಲಿ ಕೆಲಸವಿದೆ.

ಇನ್ನೊಂದು ಮಾತು. ಈ ಜಿಲ್ಲೆಗೆ ಹೊರಜಗತ್ತು ಹೊಸದಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಸಿಕ್ಕಿದೆ. ಸಾವಿರ ವರ್ಷದ ಹಿಂದೆ ಹುನಗುಂದ ಸೀಮೆಯ ಒಂದು ಊರಿನ ಹೆಸರು ಕಡಲು ದಾಟಿ ಹೋಗಿತ್ತು. ಈಗಲೂ ಹೋಗುವುದೇನೂ ನಿಂತಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತುತ್ತದೆ. ಹೋಗುವುದಕ್ಕೆ ದಾರಿ ಇದೆ, ಬರುವುದಕ್ಕೆ ಮಾತ್ರ ಬಾಗಿಲು ಅಡ್ಡ.

ಬರಲಿಲ್ಲವೇ, ಬಂದಿದ್ದಾರಲ್ಲ, ಎಂದು ಕೇಳಬಹುದು. ನಿಜ, ಬಂದಿದ್ದಾರೆ. ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ 1867ರಲ್ಲಿ ಸೇರಿದ ಜಾನ್ ಫೇಯ್ತ್‌ಫುಲ್ ಫ್ಲೀಟ್ ನಮ್ಮ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ಮೇಲೆ 1876ರಲ್ಲಿ ದೊಡ್ಡ ವರದಿ ಬರೆದ. ಹೆನ್ರಿ ಕಸಿನ್ಸ್‌ನ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕ 1926ರಲ್ಲಿ ಬಂತು. ಆದರೆ ಅವರು ಬಂದ ರೀತಿಯನ್ನು ನೋಡಿ. ಫ್ಲೀಟ್ ಊರಿಗೆ ಬಂದರೆ ಕುಲಕರ್ಣಿ, ಪಾಟೀಲ ಎಲ್ಲರೂ ಎದ್ದು ನಿಲ್ಲುತ್ತಿದ್ದ ಕಾಲ ಅದು. ಗುಡಿಯ ಬಾಗಿಲು ತೆರೆಯುತ್ತಿದ್ದದ್ದು ಅಧಿಕಾರ. ಇಂದು ಇಥಿಯೋಪಿಯಾದಿಂದಲೋ ಬಾಂಗ್ಲಾದೇಶದಿಂದಲೋ ಬರುವ ಇಪ್ಪತ್ತಾರು ವರ್ಷದ ಹುಡುಗಿಗೆ ಅಂಥ ಅಧಿಕಾರವಿಲ್ಲ, ಇರಲೂಬಾರದು. ಅವಳ ಕೈಯಲ್ಲಿರುವುದು ಒಂದು ಬೋನಫೈಡ್ ಪತ್ರ. ಅಧಿಕಾರ ತೆರೆಯುತ್ತಿದ್ದ ಬಾಗಿಲನ್ನು ಈಗ ಸಂಸ್ಥೆ ತೆರೆಯಬೇಕು. ಸಂಸ್ಥೆ ತೆರೆಯದಿದ್ದರೆ ಆ ಬಾಗಿಲು ಹಣವಿದ್ದವರಿಗೆ, ದೊಡ್ಡ ದೇಶದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ತೆರೆಯುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಆದದ್ದೂ ಹೆಚ್ಚು ಕಡಿಮೆ ಅದೇ.

ಬಾದಾಮಿ ಚಾಲುಕ್ಯರ ಗುಡಿಗಳ ಬಗ್ಗೆ ಓದುವ ಯಾರೂ ಜಾರ್ಜ್ ಮಿಚೆಲ್ 1975ರಲ್ಲಿ ಪ್ರಕಟಿಸಿದ ನಕ್ಷೆಗಳನ್ನು, ಲಜ್ಜಾಗೌರಿಯ ಮೇಲೆ ಕ್ಯಾರೊಲ್ ಬೋಲನ್ 1992ರಲ್ಲಿ ತಂದ ಪುಸ್ತಕವನ್ನು, ಐಹೊಳೆಯ ದುರ್ಗದ ಗುಡಿಯ ಮೇಲೆ ಗ್ಯಾರಿ ಟಾರ್ಟಾಕೋವ್ 1997ರಲ್ಲಿ ಬರೆದದ್ದನ್ನು ಬಿಟ್ಟು ಮುಂದೆ ಹೋಗಲಾಗದು. ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದ ಅಲ್ಲ, ಪಕ್ಕದ ದುರ್ಗದಿಂದ, ಅಂದರೆ ಕೋಟೆಯಿಂದ. ನೂರು ವರ್ಷ ವಿದ್ವಾಂಸರು ಒಂದು ಗುಡಿಯನ್ನು ಹೇಗೆ ತಪ್ಪಾಗಿ ನೋಡುತ್ತ ಬಂದರು ಎಂಬುದನ್ನು ಟಾರ್ಟಾಕೋವ್ ಒಂದಿಡೀ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ನಮ್ಮ ಊರಿನ ಗುಡಿಯ ಬಗ್ಗೆ ಬಂದ ಆ ಪುಸ್ತಕವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಪುಣೆಯಲ್ಲಿ. ಐಹೊಳೆಯಿಂದ ಪುಣೆಗೆ ಹೋಗಿ ಐಹೊಳೆಯ ಬಗ್ಗೆ ಓದಬೇಕು! ಈ ಪುಸ್ತಕ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಿಸಿಲಲ್ಲಿ ನಿಂತು ಅಳತೆ ತೆಗೆದಿದ್ದಾರೆ, ಬರೆದಿದ್ದಾರೆ, ಅಚ್ಚು ಮಾಡಿಸಿದ್ದಾರೆ. ಸಿಟ್ಟು ಇರುವುದು, ಅವರು ಬಂದು ಹೋದ ಇಷ್ಟು ವರ್ಷಗಳಲ್ಲಿ ಇಲ್ಲೇ ಕೂತು ಬರೆಯಬಹುದಾದ ಒಂದು ಕೋಣೆಯನ್ನೂ, ಅವರು ಬರೆದದ್ದರ ಪ್ರತಿ ಇಡುವ ಒಂದು ಕಪಾಟನ್ನೂ ಕಟ್ಟಿಕೊಳ್ಳದ ನಮ್ಮ ವ್ಯವಸ್ಥೆಯ ಮೇಲೆ.

ಈಗ ನಮ್ಮ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಕಾರಣ ಗುಟ್ಟೇನಲ್ಲ. ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳಿಗೆ ಅಂಕವಿದೆ. ಕ್ಯುಎಸ್ ಪಟ್ಟಿಯಲ್ಲೂ ಇದೆ. ಅವರಿಂದ ಬರುವ ಶುಲ್ಕ ಇಲ್ಲಿಯವರ ಶುಲ್ಕದ ಎಷ್ಟೋ ಪಟ್ಟು. ಹಾಗಾಗಿ ಘಟಿಕೋತ್ಸವದ ದಿನ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ರಾಜ್ಯೋತ್ಸವಕ್ಕೆ ಪೇಟ ಸುತ್ತಿ ಫೋಟೋ ತೆಗೆಯುತ್ತಾರೆ, ಆ ಫೋಟೋ ಮುಂದಿನ ವರ್ಷದ ಪ್ರಾಸ್ಪೆಕ್ಟಸ್ಸಿನ ಮುಖಪುಟಕ್ಕೆ ಬರುತ್ತದೆ. ಫೋಟೋ ತೆಗೆದ ಮರುದಿನ ಆ ವಿದ್ಯಾರ್ಥಿ ಏನು ಮಾಡುತ್ತಾನೆ, ಯಾರ ಹತ್ತಿರ ಹೋಗಿ ತನ್ನ ಅಧ್ಯಾಯ ತೋರಿಸುತ್ತಾನೆ ಎಂದು ಯಾರೂ ಕೇಳುವುದಿಲ್ಲ. ತಲೆ ಎಣಿಸಿದರೆ ಅಂಕ ಬರುತ್ತದೆ, ತಲೆಯೊಳಗೆ ಏನು ನಡೆದಿದೆ ಎಂದು ಕೇಳಿದರೆ ಬರುವುದಿಲ್ಲ.

ನನ್ನ ಜೊತೆ ಆಫ್ರಿಕಾದ ಒಂದು ದೇಶದಿಂದ ಬಂದ ಸಹಪಾಠಿ ಇದ್ದಾಳೆ. ಅವಳ ಹೆಸರಾಗಲಿ, ನಾವು ಓದುತ್ತಿರುವ ವಿಶ್ವವಿದ್ಯಾಲಯದ ಹೆಸರಾಗಲಿ ಇಲ್ಲಿ ಬೇಡ. ನಮ್ಮ ಕ್ಯಾಂಪಸ್ಸಿನ ಕತೆ ಉಳಿದ ಕ್ಯಾಂಪಸ್ಸುಗಳ ಕತೆಗಿಂತ ಬೇರೆಯಲ್ಲ. ಅವಳ ವಿಷಯ ಕೈಮಗ್ಗದ ಸಹಕಾರ ಸಂಘಗಳು. ತನ್ನ ದೇಶದ ನೇಕಾರರನ್ನು ಇಳಕಲ್ಲಿನ ನೇಕಾರರ ಜೊತೆ ಇಟ್ಟು ನೋಡಬೇಕೆಂದು ಬಂದವಳು. ಮೊದಲ ವರ್ಷದ ಬಹುಪಾಲು ಅವಳು ಕಳೆದದ್ದು ಕಚೇರಿಗಳಲ್ಲಿ. ಹಾಸ್ಟೆಲ್ ಮೆಸ್ ದಸರೆಗೆ ಮುಚ್ಚಿದರೆ ಊರಿಗೆ ಹೋಗಲು ಅವಳಿಗೆ ಊರಿಲ್ಲ. ಗೈಡ್ ಒಳ್ಳೆಯವರೇ, ಆದರೆ ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಫೈಲು, ಎರಡು ಸಮಿತಿಗಳ ನಡುವೆ ಅವರಿಗೆ ಅವಳ ಬರಹ ಓದಲು ಸಮಯವೇ ಸಿಗಲಿಲ್ಲ. ಮಲಪ್ರಭೆ ದಾಟಿ ಇಳಕಲ್ಲಿಗೆ ಬಂದಾಗ ಎರಡು ಲಾಡ್ಜ್‌ಗಳು ಕೋಣೆ ಇಲ್ಲವೆಂದವು. ಕೋಣೆ ಇತ್ತು. ಹೊರದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಸಿ-ಫಾರ್ಮ್ ತುಂಬಿ ಕಳಿಸಬೇಕು. ಆ ತಲೆನೋವು ಅವರಿಗೆ ಬೇಡವಾಗಿತ್ತು, ಅಷ್ಟೇ.

ಕೊನೆಗೆ ನಮ್ಮ ಚಿಗವ್ವನ ಮನೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಇಟ್ಟುಕೊಂಡವರೂ ಆ ಫಾರ್ಮ್ ತುಂಬಬೇಕೆಂಬ ನಿಯಮವಿದೆ. ನಾನು ಮೊಬೈಲಿನಲ್ಲಿ ತುಂಬುತ್ತ ಕೂತಿದ್ದಾಗ ಚಿಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: “ಮನಿಗೆ ಬಂದಾಕಿಗೆ ಉಣ್ಣಾಕ ನೀಡೂದಕ್ಕೂ ಸರಕಾರದವರಿಗೆ ಹೇಳಬೇಕೇನಪಾ?” ಹೇಳಬೇಕು ಚಿಗವ್ವ, ಅದು ಕಾನೂನು, ಅದಕ್ಕೆ ಕಾರಣಗಳೂ ಇವೆ ಎಂದೆ. ಕಾನೂನಿನ ಮೇಲೆ ನನ್ನ ತಕರಾರಿಲ್ಲ. ಸಿ-ಫಾರ್ಮ್, ಬಂದ 14 ದಿನದೊಳಗಿನ ನೋಂದಣಿ, ವೀಸಾ ವಿಸ್ತರಣೆ ಇವೆಲ್ಲ ಯಾವ ದೇಶದಲ್ಲೂ ಒಂದಿಲ್ಲೊಂದು ರೂಪದಲ್ಲಿ ಇರುವಂಥವೇ. ತಕರಾರು ಇರುವುದು, ಈ ಕೆಲಸವನ್ನು ಒಬ್ಬ ಸಂಶೋಧಕಿಯ ಹೆಗಲಿಗೆ ಬಿಟ್ಟು ಕೈತೊಳೆದುಕೊಳ್ಳುವ ವಿಶ್ವವಿದ್ಯಾಲಯದ ಮೇಲೆ. ಶುಲ್ಕ ಎಣಿಸಿಕೊಳ್ಳಲು ಒಂದು ಕೌಂಟರ್ ಇರುವಾಗ ಈ ಕಾಗದ ಪತ್ರ ನೋಡಲು ಒಬ್ಬ ಗುಮಾಸ್ತ ಯಾಕಿಲ್ಲ?

ಅವಳು ಚಿಗವ್ವನ ಮನೆಯಲ್ಲಿದ್ದ ಹನ್ನೆರಡು ದಿನಗಳಲ್ಲಿ ಕಲಿತದ್ದು ಇಡೀ ಕೋರ್ಸ್ ವರ್ಕಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ತೋಪತೆನಿಯನ್ನು ಮುದುಕಿಯೊಬ್ಬಳು ಅವಳ ಕೈ ಹಿಡಿದು ತೋರಿಸಿದಳು. ದಡಿ, ಸೆರಗು, ಹಾಸು, ಹೊಕ್ಕು ಎಂದು ನೋಟ್‌ಬುಕ್ಕಿನಲ್ಲಿ ತನ್ನ ಲಿಪಿಯಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಒಂದು ಗೋಡೆ ಎದುರಾಯಿತು. ಅವಳಿಗೆ ಕನ್ನಡ ಬಾರದು. ಪ್ರವೇಶ ಕೊಟ್ಟ ವಿಶ್ವವಿದ್ಯಾಲಯ ಕನ್ನಡ ಕಲಿಸಲಿಲ್ಲ. ನಾನು ದುಭಾಷಿಯಾದರೆ ನನ್ನ ಕೆಲಸ ನಿಲ್ಲುತ್ತದೆ. ಮೇಲಾಗಿ ಕೂಲಿ ಎಷ್ಟು, ಸಾಲ ಯಾರದು ಎಂಬ ಮಾತನ್ನು ನೇಕಾರ್ತಿ ಒಬ್ಬ ಗಂಡಸಿನ ಬಾಯಿ ಮೂಲಕ ಹೇಳುವುದೇ ಬೇರೆ, ನೇರವಾಗಿ ಹೇಳುವುದೇ ಬೇರೆ. ಭಾಷೆ ಕಲಿಸದೆ ಕ್ಷೇತ್ರಕಾರ್ಯಕ್ಕೆ ಕಳಿಸುವುದೆಂದರೆ ಲಾಳಿ ಕೊಡದೆ ಮಗ್ಗಕ್ಕೆ ಕೂರಿಸಿದಂತೆ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ಹೊರಗಿನವರಿಗೆ ಕನ್ನಡ ಕಲಿಸಿದ ಅನುಭವ ಆ ಊರಿಗೆ ಇದೆ. ಆದರೆ ‘ಬಂದೇನ್ರಿ’, ‘ಹೊಂಟೀನಿ’ ಎಂಬ ನಮ್ಮ ಕಡೆಯ ಮಾತನ್ನು ಕಲಿಸುವ ಒಂದು ಆರು ತಿಂಗಳ ಕೋರ್ಸನ್ನು ಕೃಷ್ಣೆಯ ಈ ಸೀಮೆಯಲ್ಲಿ ಯಾಕೆ ಶುರು ಮಾಡಬಾರದು? ಅದಕ್ಕೆ ಬೇಕಾಗಿರುವುದು ಒಂದು ಕೋಣೆ, ಇಬ್ಬರು ಮೇಷ್ಟ್ರು. ಕನ್ನಡ ಎಂ.ಎ. ಮಾಡಿ ಕೆಲಸವಿಲ್ಲದೆ ಕೂತ ನಮ್ಮ ಗೆಳೆಯರು ಎಷ್ಟು ಬೇಕು?

ಇಲ್ಲಿಗೆ ಬರುವಾಗ ಎದುರಾಗುವ ಮೊದಲ ಆಕ್ಷೇಪ ನನಗೆ ಗೊತ್ತು. “ನಮ್ಮ ಮಕ್ಕಳಿಗೇ ಇಲ್ಲ, ಹೊರಗಿನವರಿಗೆ ಯಾಕೆ?” ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದವರಿಗೆ ಯುಜಿಸಿ ಕೊಡುವ 8,000 ರೂಪಾಯಿಯ ಫೆಲೋಶಿಪ್ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ರಾಜ್ಯ ವಿಶ್ವವಿದ್ಯಾಲಯದಲ್ಲಿರುವ ನನ್ನಂಥವರು ಅದರ ಹೊರಗೆ. ನನ್ನ ಜೊತೆಗಾರರಲ್ಲಿ ಒಬ್ಬ ಬೆಳಿಗ್ಗೆ ಪಿಯು ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ಟ್ಯೂಷನ್ ಮಾಡಿ, ರಾತ್ರಿ ಪ್ರಬಂಧ ಬರೆಯುತ್ತಾನೆ. ಹೀಗಿರುವಾಗ ಹೊರದೇಶದವರಿಗೆ ಸೌಲಭ್ಯ ಕೊಡಿ ಎಂದರೆ ಹೊಟ್ಟೆ ಉರಿಯುವುದು ಸಹಜ.

ಆದರೆ ಒಂದು ಪಟ್ಟಿ ಮಾಡಿ ನೋಡಿ. ಆ ಸಹಪಾಠಿಗೆ ಬೇಕಾದದ್ದೇನು? ಅವಳ ಬರಹ ಓದುವ ಸಮಯವಿರುವ ಗೈಡ್. ಪುಸ್ತಕವಿರುವ, ರಾತ್ರಿ ಎಂಟಕ್ಕೂ ತೆರೆದಿರುವ ಗ್ರಂಥಾಲಯ. ರಜೆಯಲ್ಲೂ ಊಟ ಸಿಗುವ ಹಾಸ್ಟೆಲ್. ಕ್ಷೇತ್ರಕಾರ್ಯಕ್ಕೆ ಹೋದರೆ ಉಳಿಯಲು ಒಂದು ಜಾಗ. ತಿಂಗಳ ಹಣ ತಿಂಗಳಿಗೆ. ಗೈಡಿನ ಜೊತೆ ಮನಸ್ತಾಪವಾದರೆ ಹೇಳಿಕೊಳ್ಳಲು ಇನ್ನೊಬ್ಬರು. ಇದರಲ್ಲಿ ನನಗೆ ಬೇಡವಾದದ್ದು ಯಾವುದು? ವೀಸಾ ಮತ್ತು ಭಾಷೆ ಎರಡನ್ನು ಬಿಟ್ಟರೆ ಅವಳ ಪಟ್ಟಿಯೂ ನನ್ನ ಪಟ್ಟಿಯೂ ಒಂದೇ. ವ್ಯತ್ಯಾಸವಿಷ್ಟೇ: ಇವೆಲ್ಲ ಇಲ್ಲದಿದ್ದರೂ ನಾನು ಹೇಗೋ ತಡೆದುಕೊಳ್ಳುತ್ತೇನೆ. ನನಗೆ ಚಿಗವ್ವ ಇದ್ದಾಳೆ, ಊರಿದೆ, ಕೈಸಾಲ ಕೊಡುವ ಗೆಳೆಯರಿದ್ದಾರೆ. ವಿಶ್ವವಿದ್ಯಾಲಯ ಮಾಡದೆ ಬಿಟ್ಟದ್ದನ್ನು ಈ ರಾಜ್ಯದಲ್ಲಿ ಮನೆಯವರು, ಬಂಧುಬಳಗದವರು ಸದ್ದಿಲ್ಲದೆ ತುಂಬಿಕೊಡುತ್ತಿದ್ದಾರೆ. ಬಂಧುಬಳಗವಿಲ್ಲದ ಒಬ್ಬಳು ಬಂದು ನಿಂತಾಗ ಆ ತೂತು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಅವಳ ಪರವಾಗಿ ಮಾತಾಡುವುದು ನಮ್ಮ ಹುಡುಗರ ವಿರುದ್ಧ ಮಾತಾಡುವುದಲ್ಲ. ಬೆಂಬಲವಿಲ್ಲದ ಕುಟುಂಬದಿಂದ, ದೂರದ ಹಳ್ಳಿಯಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯೂ ಅದೇ ತೂತಿನಲ್ಲಿ ಬೀಳುತ್ತಾಳೆ. ಅವಳು ಬಿದ್ದಾಗ ಮಾತ್ರ ನಾವು ‘ಮದುವೆಯಾಯಿತಂತೆ, ಬಿಟ್ಟಳು’ ಎಂದು ಸುಮ್ಮನಾಗುತ್ತೇವೆ.

ಎರಡನೆಯ ಆಕ್ಷೇಪ: “ಈಗ ಎಲ್ಲ ಆನ್‌ಲೈನ್ ಇದೆಯಲ್ಲ.” ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ, ಸುಮಾರು 13,000 ವಿದ್ವತ್ ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದು, ಮನಸಾರೆ ಸ್ವಾಗತ. ಆದರೆ ಅದು ಪತ್ರಿಕೆಗಳ ಚಂದಾ. ನಮ್ಮ ವಿಷಯದಲ್ಲಿ ಮುಖ್ಯವಾದದ್ದು ಪುಸ್ತಕಗಳಲ್ಲಿದೆ, ಶಾಸನದ ಪಡಿಯಚ್ಚುಗಳಲ್ಲಿದೆ, ಹಳೆಯ ನಕ್ಷೆಗಳಲ್ಲಿದೆ, ನೇಕಾರ ಸಂಘದ ಹುಳು ಹಿಡಿದ ದಫ್ತರಗಳಲ್ಲಿದೆ. ಇವು ಲಾಗಿನ್ ಮಾಡಿದರೆ ಸಿಗುವುದಿಲ್ಲ. ಗುಡಿಯೂ ಲಾಗಿನ್ ಮಾಡಿದರೆ ಸಿಗುವುದಿಲ್ಲ. ಪಟ್ಟದಕಲ್ಲಿನ ಟಿಕೆಟ್ ಭಾರತೀಯರಿಗೆ 40, ಹೊರದೇಶದವರಿಗೆ 600 ರೂಪಾಯಿ. ಪ್ರವಾಸಿಗೆ ಅದು ದೊಡ್ಡದಲ್ಲ. ಅನುಮತಿ ಪತ್ರ ಕೈಗೆ ಬರುವ ತನಕ ಮೂವತ್ತು ಸಲ ಒಳಗೆ ಹೋಗಿ ಒಂದೊಂದು ಕಂಬ ನೋಡಬೇಕಾದ ವಿದ್ಯಾರ್ಥಿಗೆ ಅದು 18,000 ರೂಪಾಯಿ. ಇಲ್ಲಿನ ವಿಶ್ವವಿದ್ಯಾಲಯದ ಗುರುತಿನ ಚೀಟಿ ಇದ್ದವರಿಗೆ ಇಲ್ಲಿನ ದರ ಎಂದು ಒಂದು ಆದೇಶ ಹೊರಡಿಸಲು ಪುರಾತತ್ವ ಇಲಾಖೆಗೆ ಎಷ್ಟು ಹಣ ಖರ್ಚಾದೀತು?

ಮೂರನೆಯ ಆಕ್ಷೇಪ ಸ್ವಲ್ಪ ಗಟ್ಟಿಯದು. “ಬರುತ್ತಾರೆ, ನಮ್ಮ ಜನರ ಮಾತು, ನಮ್ಮ ಜ್ಞಾನ ಎತ್ತಿಕೊಂಡು ಹೋಗುತ್ತಾರೆ, ಅಲ್ಲಿ ಡಿಗ್ರಿ ಪಡೆಯುತ್ತಾರೆ.” ಇದರಲ್ಲಿ ಸತ್ಯವಿದೆ. ಆದರೆ ಮದ್ದು ಬಾಗಿಲು ಮುಚ್ಚುವುದಲ್ಲ. ಹೊರಗಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರು ತಿಂಗಳು ಬಂದು ಹೋದಾಗ ನಾವು ಅವನಿಗೆ ಯಾವ ಷರತ್ತೂ ಹಾಕಲಾಗದು. ಅವನು ನಮ್ಮ ವಿಶ್ವವಿದ್ಯಾಲಯದಲ್ಲೇ ನೋಂದಾಯಿಸಿಕೊಂಡರೆ ಹಾಕಬಹುದು: ಪ್ರಬಂಧದ ಒಂದು ಪ್ರತಿ ಕೆಲಸ ಮಾಡಿದ ಊರಿನ ಗ್ರಂಥಾಲಯಕ್ಕೆ, ಮೂವತ್ತು ಪುಟದ ಕನ್ನಡ ಸಾರಾಂಶ, ತೆಗೆದ ಫೋಟೋ, ಅಳತೆ, ಧ್ವನಿಮುದ್ರಣಗಳ ನಕಲು, ಜೊತೆಗೆ ದುಡಿದ ಇಲ್ಲಿಯ ಸಂಶೋಧಕನ ಹೆಸರು ಲೇಖನದಲ್ಲಿ ಸಹ ಲೇಖಕನಾಗಿ, ಕೃತಜ್ಞತೆಯ ಸಾಲಿನಲ್ಲಿ ಅಲ್ಲ. ಜ್ಞಾನ ಹೊರಹೋಗುವುದನ್ನು ತಡೆಯುವ ದಾರಿ ಅದನ್ನು ಇಲ್ಲೇ ಹುಟ್ಟಿಸುವುದು.

ಒಳ್ಳೆಯ ಸಂಶೋಧನಾ ವಾತಾವರಣ ಎಂದಾಗ ಎಲ್ಲರೂ ಲ್ಯಾಬು, ಕಂಪ್ಯೂಟರು ಎನ್ನುತ್ತಾರೆ. ಅದಕ್ಕಿಂತ ಮೊದಲಿನ ಒಂದು ಮಾತಿದೆ: ಸುರಕ್ಷತೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಿಎಚ್.ಡಿ. ವಿದ್ಯಾರ್ಥಿ, ಇಟಲಿಯ ಜೂಲಿಯೊ ರೆಜೆನಿ ಈಜಿಪ್ಟಿನ ಕಾರ್ಮಿಕ ಸಂಘಗಳ ಮೇಲೆ ಕೆಲಸ ಮಾಡುತ್ತಿದ್ದವನು. 2016ರ ಜನವರಿ 25ರಂದು ಕೈರೋದಲ್ಲಿ ಕಾಣೆಯಾದ. ಫೆಬ್ರುವರಿ 3ರಂದು ಚಿತ್ರಹಿಂಸೆಯ ಗುರುತುಗಳಿದ್ದ ಅವನ ಶವ ರಸ್ತೆ ಬದಿಯಲ್ಲಿ ಸಿಕ್ಕಿತು. ಹೊರದೇಶದ ವಿದ್ಯಾರ್ಥಿಯನ್ನು ಕ್ಷೇತ್ರಕ್ಕೆ ಕಳಿಸುವ ವಿಶ್ವವಿದ್ಯಾಲಯದ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಆಗ ಜಗತ್ತಿನಾದ್ಯಂತ ಎದ್ದಿತು. ಅದು ದೂರದ ದೇಶ ಎನ್ನಬೇಡಿ. ಅದೇ 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿಯ ಬಳಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಅವಳ ಚರ್ಮದ ಬಣ್ಣವೇ ಸಾಕ್ಷಿಯಾಯಿತು. ಅದಕ್ಕೂ ಐದು ತಿಂಗಳ ಹಿಂದೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಶಾಸನಗಳ ಮತ್ತು ವಚನಗಳ ದೊಡ್ಡ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಶಾಸನ ಓದುವ ನನ್ನಂಥವರು ಕೆಲಸ ಕಲಿಯುವುದೇ ಅವರ ಪುಸ್ತಕಗಳಿಂದ. ತಾನು ಕಂಡದ್ದನ್ನು ಹೇಳಲು ಹೆದರುವ ಜಾಗದಲ್ಲಿ ಒಳಗಿನವರೂ ಸಂಶೋಧನೆ ಮಾಡಲಾರರು, ಹೊರಗಿನವರೂ ಮಾಡಲಾರರು. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಕರ್ನಾಟಕದ ಕ್ಯಾಂಪಸ್ಸುಗಳಲ್ಲಿದ್ದ ಅಫ್ಘನ್ ವಿದ್ಯಾರ್ಥಿಗಳು ಮನೆಯ ಸುದ್ದಿಗೆ ಕಾಯುತ್ತ, ಮುಂದಿನ ವೀಸಾ ಏನೆಂದು ತಿಳಿಯದೆ ಕೂತಿದ್ದರು. ಅಂಥ ದಿನ ವಿಶ್ವವಿದ್ಯಾಲಯ ಎಂದರೆ ಬರೀ ಡಿಗ್ರಿ ಕೊಡುವ ಕಚೇರಿಯೋ, ಆಸರೆಯೋ ಎಂಬುದು ಗೊತ್ತಾಗುತ್ತದೆ.

ವೇದಿಕೆ ಹತ್ತಿದರೆ ನಾವು ನಾಲಂದಾದ ಮಾತು ಆಡುತ್ತೇವೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ನೋಡಿ ಬರೆದ ಹ್ಯೂಯೆನ್ ತ್ಸಾಂಗ್ ನಾಲಂದಾದಲ್ಲಿ ಓದಿದ ಹೊರದೇಶದ ವಿದ್ಯಾರ್ಥಿ. ಅವನ ಜೀವನಚರಿತ್ರೆಯಲ್ಲಿ ನಾಲಂದಾ ಅವನಿಗೆ ಏನು ಕೊಟ್ಟಿತೆಂಬ ಲೆಕ್ಕವಿದೆ: ದಿನಕ್ಕಿಷ್ಟು ಅಕ್ಕಿ, ಅಡಿಕೆ, ಜಾಯಿಕಾಯಿ, ತಿಂಗಳಿಗಿಷ್ಟು ಎಣ್ಣೆ, ಉಳಿಯಲು ಮನೆ. ಈ ಖರ್ಚಿಗೆಂದು ನೂರು ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಶೀಲಭದ್ರನೆಂಬ ಮುದಿ ಗುರು ತಾನೇ ಕೂತು ಅವನಿಗೆ ಪಾಠ ಹೇಳಿದ. ನಾಲಂದಾದ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವವರು ಅಕ್ಕಿಯ ಮಾತು, ಎಣ್ಣೆಯ ಮಾತು, ಗುರುವಿನ ಸಮಯದ ಮಾತು ಎತ್ತುವುದಿಲ್ಲ. ನಾಲಂದಾ ನಿಂತಿದ್ದೇ ಆ ಮೂರರ ಮೇಲೆ.

ನಮ್ಮ ನಾಲಂದಾದ ಗತಿ ಏನು? ಬಾಗಲಕೋಟೆ ಜಿಲ್ಲೆಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಂದವು. ಆಮೇಲೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಎಂದು ಬೋರ್ಡು ಬಿತ್ತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದು ಒಂದು ಸರ್ಕಾರ ಹುಟ್ಟಿಸಿತು, ಹುಟ್ಟಿದ ಕೂಸಿಗೆ ಹಾಲಿಗೆ ದುಡ್ಡಿಡಲಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸರ್ಕಾರದ ಸಂಪುಟ ಉಪಸಮಿತಿ ಹಣವಿಲ್ಲ, ಸಿಬ್ಬಂದಿಯಿಲ್ಲ ಎಂದು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ಕೂಸಿಗೆ ಹಾಲು ಕೊಡದವರು ಒಬ್ಬರು, ಕೂಸು ಸೊರಗಿದೆ, ಬೇಡ ಎನ್ನುವವರು ಇನ್ನೊಬ್ಬರು. ಬೋರ್ಡು ಉಳಿಯಬೇಕೇ ಬೇಡವೇ ಎಂಬ ಜಗಳದಲ್ಲಿ ಬೋರ್ಡಿನ ಹಿಂದೆ ಏನಿರಬೇಕೆಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ನಾನು ಕೇಳುವುದು ಹೊಸ ಬೋರ್ಡನ್ನಲ್ಲ. ಜಿಲ್ಲೆಯಲ್ಲಿ ಈಗಾಗಲೇ ಇರುವ ವಿಶ್ವವಿದ್ಯಾಲಯಗಳು, ಕಾಲೇಜುಗಳು ಒಟ್ಟಾಗಿ ಬಾದಾಮಿಯಲ್ಲಿ ಒಂದು ಸಂಶೋಧನಾ ಮನೆ ನಡೆಸಲಿ. ಇಪ್ಪತ್ತು ಹಾಸಿಗೆ, ಒಂದು ಅಡಿಗೆಮನೆ, ಒಂದು ಓದುವ ಕೋಣೆ. ಚಾಲುಕ್ಯರ ಬಗ್ಗೆ, ನೇಕಾರಿಕೆಯ ಬಗ್ಗೆ, ಮುಳುಗಡೆಯ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಏನು ಬಂದರೂ ಅದರ ಒಂದು ಪ್ರತಿ ಅಲ್ಲಿರಲಿ. ಸಿ-ಫಾರ್ಮ್, ಪೊಲೀಸ್ ನೋಂದಣಿ, ಪುರಾತತ್ವ ಇಲಾಖೆಯ ಅನುಮತಿ ಇವನ್ನೆಲ್ಲ ನೋಡಿಕೊಳ್ಳುವ ಒಬ್ಬ ಅಧಿಕಾರಿ ಇರಲಿ. ಆರು ತಿಂಗಳ ಕನ್ನಡ ಅಲ್ಲೇ ಕಲಿಸಲಿ, ಹಳಗನ್ನಡ ಲಿಪಿ ಓದುವುದನ್ನೂ. ಹೊರದೇಶದ ಪ್ರತಿ ಸಂಶೋಧಕರ ಜೊತೆ ಇಲ್ಲಿಯ ಒಬ್ಬ ಸಂಶೋಧಕರನ್ನು ಜೋಡಿಸಿ, ಇಬ್ಬರಿಗೂ ಸಮಾನ ಭತ್ಯೆ ಕೊಡಲಿ. ಪ್ರತಿಯೊಬ್ಬರಿಗೂ ಗೈಡಿನ ಜೊತೆಗೆ ಬೇರೆ ಸಂಸ್ಥೆಯ ಇನ್ನಿಬ್ಬರ ಸಮಿತಿ ಇರಲಿ, ಅದು ಆರು ತಿಂಗಳಿಗೊಮ್ಮೆ ಬರಹ ಓದಿ ಕಾಗದದಲ್ಲಿ ಅಭಿಪ್ರಾಯ ಬರೆಯಲಿ. ಒಬ್ಬರ ಮುನಿಸಿಗೆ ಐದು ವರ್ಷ ಬಲಿಯಾಗುವುದು ತಪ್ಪಲಿ. ಮತ್ತು ಇವೆಲ್ಲಕ್ಕೂ ಮೊದಲು, ಖಾಲಿ ಬಿದ್ದ ಕಾಯಂ ಹುದ್ದೆಗಳನ್ನು ತುಂಬಲಿ. ಅದಿಲ್ಲದೆ ಮೇಲಿನದೆಲ್ಲ ನೀರಿನ ಮೇಲಿನ ಬರಹ.

ಓದುಗರೇ, ನಿಮ್ಮಲ್ಲಿ ಅನೇಕರು ನಾಳೆ ಜರ್ಮನಿಗೋ ಅಮೆರಿಕಕ್ಕೋ ಹೊರಡುವವರು. ಅಲ್ಲಿ ಇಳಿದ ದಿನ ಒಬ್ಬರು ಬಂದು ನಿಮ್ಮನ್ನು ಕರೆದುಕೊಂಡು ಹೋಗಲಿ, ನಿಮ್ಮ ಬರಹವನ್ನು ಯಾರಾದರೂ ಓದಲಿ, ನಿಮ್ಮ ಬಣ್ಣ ನೋಡಿ ಯಾರೂ ಬಾಗಿಲು ಮುಚ್ಚದಿರಲಿ ಎಂದು ಬಯಸುತ್ತೀರಿ. 2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಕ್ಕನ್ನೇ ಕಿತ್ತುಕೊಳ್ಳಲು ಹೊರಟಾಗ ನಮ್ಮ ಮನೆಗಳಲ್ಲಿ ಎಷ್ಟು ಆತಂಕವಿತ್ತು ನೆನಪಿಸಿಕೊಳ್ಳಿ. ಆ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳ ಪರವಾಗಿ ಮರುದಿನವೇ ನ್ಯಾಯಾಲಯಕ್ಕೆ ಹೋಯಿತು. ನಮ್ಮ ವಿಶ್ವವಿದ್ಯಾಲಯ ಒಬ್ಬ ವಿದೇಶಿ ಸಂಶೋಧಕಿಯ ಪರವಾಗಿ ಪೊಲೀಸ್ ಠಾಣೆಯವರೆಗಾದರೂ ಹೋದೀತೇ?

ನಮಗೆ ಬೇಕೆಂದು ಕೇಳುವುದನ್ನು ನಮ್ಮಲ್ಲಿಗೆ ಬಂದವರಿಗೆ ಕೊಡಲಾಗದಿದ್ದರೆ ಆ ಎರಡು ಸೀಟಿನ ಸಾಲನ್ನು ನಿಯಮಾವಳಿಯಿಂದ ತೆಗೆದುಹಾಕುವುದೇ ಪ್ರಾಮಾಣಿಕತೆ. ಕೊಡಬಲ್ಲೆವಾದರೆ ಮೊದಲ ಕೆಲಸ ಜಾಹೀರಾತಲ್ಲ, ನೇಮಕಾತಿ. ಕುರ್ಚಿಯಲ್ಲಿ ಒಬ್ಬ ಅಧ್ಯಾಪಕ ಕೂತಿರಲಿ, ಎದುರಿಗೆ ಇನ್ನೊಂದು ಕುರ್ಚಿ ಇರಲಿ. ಅದರಲ್ಲಿ ಇಳಕಲ್ಲಿನ ಹುಡುಗಿ ಕೂರುತ್ತಾಳೋ ಇಥಿಯೋಪಿಯಾದ ಹುಡುಗಿ ಕೂರುತ್ತಾಳೋ ಎಂಬ ಚರ್ಚೆಯನ್ನು ಆಮೇಲೆ ಮಾಡೋಣ. ಇಬ್ಬರಿಗೂ ಜಾಗವಾಗುತ್ತದೆ.